ಶುಭ ಕೋರುವವರ ಸಾಲು

ನಮ್ಮ ಮಾಲಕರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರು ಇರಬೇಕಾದ ಕಡೆ ನುಣ್ಣಗಿನ, ಗುಲಾಬಿ ಬಣ್ಣದ ಮಾಂಸ. ಆ ಬೆರಳನ್ನೇ ಕಂಪ್ಯೂಟರಿನ ಪರದೆಗೆ ಒತ್ತಿ ಒತ್ತಿ, "ಇಂವ ಯಾಂವ? ಇಂವ ಯಾಂವ?" ಎಂದು ಕೇಳುತ್ತಿದ್ದರು. ಸಂಜೆಯಾಗುವಷ್ಟರಲ್ಲಿ ಪರದೆಯ ತುಂಬ ಎಣ್ಣೆ ಎಣ್ಣೆ ಗುರುತು. ಅದನ್ನು ಒರೆಸುವ ಕೆಲಸ ನನ್ನದು. ಉಗುರು ಹೇಗೆ ಹೋಯಿತು ಎಂದು ಮೂರು ವರ್ಷದಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. ಅವರ ಬಗ್ಗೆ ಏನಾದರೂ ಕೇಳಿ ತಿಳಿದುಕೊಳ್ಳುವಷ್ಟು ಪ್ರೀತಿ ನನಗಿರಲಿಲ್ಲ.

ತೀರಿಕೊಂಡವರು ಎಂದು ಈಗ "ಅವರು" ಎನ್ನುತ್ತಿದ್ದೇನೆ. ಬದುಕಿದ್ದಾಗ ಮನಸ್ಸಿನೊಳಗೆ ಅವರಿಗೆ ಎಂದೂ ಬಹುವಚನ ಕೊಟ್ಟವಳಲ್ಲ ನಾನು.

ಡಿಗ್ರಿ ಮುಗಿಸಿ ಹುನಗುಂದದಿಂದ ಬಾಗಲಕೋಟೆಗೆ ಬಂದು, ನವನಗರದಲ್ಲಿ ಸೋದರತ್ತೆಯ ಮನೆಯಲ್ಲಿ ಇದ್ದುಕೊಂಡು, ಹಳೇ ಊರಿನ ಅವರ ಫ್ಲೆಕ್ಸ್ ಅಂಗಡಿಗೆ ಸೇರಿದ್ದೆ. ಅವರು ಮೊದಲು ಕುಂಚ ಹಿಡಿದು ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಫ್ಲೆಕ್ಸ್ ಬಂದ ಮೇಲೆ ಅದಕ್ಕೆ ಬಾಯಿ ತುಂಬ ಶಾಪ ಹಾಕಿ, ಆಮೇಲೆ ತಾವೇ ಒಂದು ಮಷೀನು ತಂದು ಕೂರಿಸಿದರು. ಶಾಪವನ್ನು ಮಾತ್ರ ನಿಲ್ಲಿಸಲಿಲ್ಲ. ನಾನು ಆರಿಸಿದ ಅಕ್ಷರಗಳಿಗೆ "ಕಾಲ ಮುರದಾವು" ಎನ್ನುವರು. ಸುತ್ತ ಹೂವಿನ ಅಂಚು ಇಟ್ಟರೆ, "ಇದೇನ್ ಬ್ಯಾನರೋ, ಲಗ್ನದ ಹಂದರೋ?" ಎನ್ನುವರು. ಚಹಾವನ್ನು ಬಸಿಗೆ ಸುರಿದುಕೊಂಡು ಇಡೀ ಓಣಿಗೆ ಕೇಳುವಂತೆ ಸುರಕ್ಕೆಂದು ಹೀರುವರು. ಫ್ಯಾನು ಅವರ ಕಡೆಗೇ ತಿರುಗಿರಬೇಕು. ಮೂರು ವರ್ಷದಲ್ಲಿ ನನ್ನ ಹೆಸರು ಹಿಡಿದು ಕರೆದವರಲ್ಲ. "ಏ ಹುನಗುಂದ, ಬಾ ಇಲ್ಲೆ" ಎನ್ನುವರು. ಒಂದು ತಾಲೂಕನ್ನೇ ಕರೆದ ಹಾಗೆ ಕೇಳಿಸುತ್ತಿತ್ತು. ಅಂಗಡಿಗೆ ಬಂದ ಗಿರಾಕಿಗಳು ನಕ್ಕರೆ ಅವರಿಗೆ ಇನ್ನೂ ಹುರುಪು.

ಹೋಳಿ ಬಂತೆಂದರೆ ಬಾಗಲಕೋಟೆಯವರಿಗೆ ಊಟ ನಿದ್ದೆಯ ಗೊಡವೆ ಇರುವುದಿಲ್ಲ. ವಾರಗಟ್ಟಲೆ ಮೊದಲೇ ಹಲಗೆ ಬಾರಿಸುವ ಸದ್ದು ಶುರುವಾಗಿರುತ್ತದೆ. ಓಣಿಗೊಂದು ಹುಡುಗರ ಗುಂಪು, ಗುಂಪಿಗೊಂದು ಬ್ಯಾನರು. ಮೇಲೆ ಪಿಚಕಾರಿಯ ಚಿತ್ರ. ಅದರ ಕೆಳಗೆ, "ಸಮಸ್ತ ಬಂಧು ಬಾಂಧವರಿಗೆ, ಗೆಳೆಯರ ಬಳಗಕ್ಕೆ ಹೋಳಿ ಹಬ್ಬದ ಹಾರ್ದಿಕ ಶುಭಾಶಯಗಳು" ಎಂಬ ಮಾತು. ಅದಕ್ಕೂ ಕೆಳಗೆ "ಶುಭ ಕೋರುವವರು" ಎಂದು ಬರೆದು ಸಾಲಾಗಿ ಮುಖಗಳು. ಕಪ್ಪು ಕನ್ನಡಕದವರು, ಕಿವಿಗೆ ಫೋನು ಹಿಡಿದವರು, ಬಿಳಿ ಅಂಗಿ ತೊಟ್ಟು ಕೈ ಮುಗಿದವರು. ಶುಭಾಶಯಕ್ಕಿಂತ ಕೋರುವವರೇ ದೊಡ್ಡದಾಗಿ ಕಾಣಬೇಕು. ಯಾರ ಫೋಟೋ ಎಷ್ಟು ದೊಡ್ಡದು ಎಂಬುದರ ಮೇಲೆ ನಮ್ಮ ಅಂಗಡಿಯಲ್ಲೇ ಜಗಳಗಳಾಗಿ ಹೋಗಿವೆ. ನನಗಂತೂ ಆ ನಗುಮುಖಗಳನ್ನು ಕತ್ತರಿಸಿ ಅಂಟಿಸಿ ಹಬ್ಬದ ಮೇಲೇ ಬೇಸರ ಬಂದಿತ್ತು.

ಮಾಲಕರದೊಂದು ಪದ್ಧತಿ ಇತ್ತು. ಬ್ಯಾನರು ಮಷೀನಿಗೆ ಹೋಗುವ ಮೊದಲು ಮುಖ ಓದಬೇಕು. ಹಾಗೆಂದರೆ, ಆರ್ಡರು ಕೊಟ್ಟವನನ್ನು ಪರದೆಯ ಮುಂದೆ ನಿಲ್ಲಿಸಿಕೊಂಡು ಒಂದೊಂದೇ ಫೋಟೋದ ಮೇಲೆ ಬೆರಳಿಟ್ಟು, ಇವನು ಯಾರು, ಯಾರ ಮಗ, ಚೆನ್ನಾಗಿದ್ದಾನಾ ಎಂದು ಕೇಳುವುದು. ಗಿರಾಕಿ ಒಂದೊಂದಕ್ಕೂ ಹೂಂ ಎನ್ನಬೇಕು. ಇಪ್ಪತ್ತು ಮುಖವಿದ್ದರೆ ಇಪ್ಪತ್ತು ಹೂಂ. ಹೊರಗೆ ಹತ್ತು ಮಂದಿ ಕಾಯುತ್ತಿದ್ದರೂ ಅಷ್ಟೇ.

"ಮಾಲಕರ, ಇದೇನ್ ಹಾಜರಿ ತಗೊಂಡಂಗ ಮಾಡ್ತೀರಿ?" ಎಂದು ಹುಡುಗರು ನಗುವರು.

"ನಿಮ್ಮ ಮಾರಿ ಊರ ಮಂದಿ ಮುಂದ ತೂಗ ಹಾಕಾಂವ ನಾನು. ಕೇಳಬ್ಯಾಡೇನ್ಲೇ?" ಎನ್ನುವರು ಇವರು.

ಅದು ಅವರ ಗತ್ತು ಎಂದೇ ನಾನು ತಿಳಿದಿದ್ದೆ. ಕುಂಚ ಹೋದ ಮೇಲೆ ಗಿರಾಕಿಗಳ ಮೇಲೆ ದರ್ಬಾರು ನಡೆಸಲು ಉಳಿದ ಒಂದೇ ದಾರಿ ಎಂದು.

ಮೂರನೆಯ ವರ್ಷದ ಹೋಳಿಗೆ ಎರಡು ದಿನವಿತ್ತು. ಮಾಲಕರು ಊಟಕ್ಕೆ ಹೋಗಿದ್ದರು. ಒಂದು ಓಣಿಯ ಗುಂಪಿನವನು ಫೋನಿನಲ್ಲಿ ದನಿಯ ಸಂದೇಶ ಕಳಿಸಿದ: "ಅಕ್ಕಾರ, ಹೋದ ವರ್ಷದ್ದು ನಿಮ್ಮ ಕಡೆ ಐತೆಲ್ಲ, ಅದನ್ನ ಹೊಡದು ಇಡ್ರಿ. ಇಸವಿ ಅಷ್ಟ ಬದಲ ಮಾಡ್ರಿ." ನಾನು ಹಳೆಯ ಕಡತ ತೆಗೆದೆ, ಇಸವಿ ತಿದ್ದಿದೆ, ಮಷೀನಿಗೆ ಹಾಕಿದೆ. ಹದಿನಾರು ಮುಖಗಳಿದ್ದವು. ಒಂದನ್ನೂ ಓದಲಿಲ್ಲ. ಮಾಲಕರು ಬರುವಷ್ಟರಲ್ಲಿ ಹುಡುಗರು ಬ್ಯಾನರನ್ನು ಒಯ್ದಾಗಿತ್ತು. ಒಂದು ಆರ್ಡರಾದರೂ ಅವರ ಕಿರಿಕಿರಿ ಇಲ್ಲದೆ ಮುಗಿಯಿತಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಗಿತ್ತು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುತ್ತಿದ್ದ ಹಾಗೆ ಅದೇ ಗುಂಪಿನ ಮೂವರು ಬಂದು ಮೈಮೇಲೇ ಬಿದ್ದರು. ಮೇಲಿನ ಸಾಲಿನ ಐದನೆಯ ಮುಖ ಅವರ ಗುಂಪಿನ ಹಲಗೆಯವನದು. ಕೊರಳಿಗೆ ಹಲಗೆ ಹಾಕಿಕೊಂಡು, ಕೂದಲ ತುಂಬ ಕೆಂಪು ಬಣ್ಣ ಮೆತ್ತಿಕೊಂಡು, ಹಲ್ಲು ಬಿಟ್ಟು ನಗುತ್ತಿರುವ ಫೋಟೋ. ಅವನು ದೀಪಾವಳಿಯ ಹೊತ್ತಿಗೆ ಎದೆನೋವು ಬಂದು ತೀರಿಕೊಂಡಿದ್ದ. ಬ್ಯಾನರನ್ನು ನಸುಕಿನಲ್ಲಿ, ಅವಸರದಲ್ಲಿ, ನೋಡದೆ ಕಟ್ಟಿದ್ದರು. ಕಟ್ಟಿದ್ದು ಅವನ ಮನೆಯ ಎದುರಿಗೇ.

"ಸತ್ತಾಂವನ ಕೈಲೆ ಹಬ್ಬದ ಶುಭಾಶಯ ಹೇಳಿಸೀರಲ್ಲಾ, ಮನಷ್ಯಾರೇನ್ರಿ ನೀವು?" ಎಂದು, ಆ ಸಂದೇಶ ಕಳಿಸಿದವನೇ ಕೂಗಿದ.

ನಾನು ಫೋನು ತೆಗೆದು ಅವನದೇ ಮಾತನ್ನು ಅವನಿಗೇ ಕೇಳಿಸಿದೆ. ಹೋದ ವರ್ಷದ್ದೇ ಹೊಡೆಯಿರಿ ಎಂದವರು ಯಾರು? ಹುಡುಗ ತಲೆ ತಗ್ಗಿಸಿದ. ಗೆದ್ದೆ ಎಂದುಕೊಂಡೆ. ಮಾಲಕರು ನನ್ನ ಕೈಯಿಂದ ಫೋನು ಕಿತ್ತು ಟೇಬಲ್ಲಿನ ಮೇಲೆ ಬೋರಲು ಹಾಕಿದರು.

"ಅವನ ತಪ್ಪು ಅಂವ ನೋಡ್ಕೋತಾನ. ನಿಂದು ಹೇಳು. ಮುಖ ಓದಿದ್ದೀ?"

"ಇಲ್ರಿ."

"ಕಣ್ಣ ಎಲ್ಲಿಟ್ಟಿದ್ದಿ? ಹದಿನಾರು ಮಂದಿ ಮಾರಿ ನೋಡಾಕ ಎಷ್ಟೊತ್ತ ಬೇಕು ನಿನಗ? ಇವು ಏನ ಬಟಾಟಿ ಏನ, ಬುಟ್ಟೀಲೆ ಸುರವಾಕ?"

ಓಣಿಯ ಮಂದಿಯೆಲ್ಲ ಅಂಗಡಿಯ ಮುಂದೆ ನಿಂತಿದ್ದರು. ಅವರೆಲ್ಲರ ಮುಂದೆ ಬೈದರು. ನಾನು ಅತ್ತೆ. ಅತ್ತದ್ದಕ್ಕೂ ಬೈದರು. ಆಮೇಲೆ ಸ್ಕೂಟರು ಹೊರಗೆ ತೆಗೆದು, "ಕೂಡು" ಎಂದರು.

ಆ ಮನೆಗೆ ಹೋಗುತ್ತಿದ್ದೇವೆ ಎಂದು ದಾರಿಯಲ್ಲಿ ತಿಳಿಯಿತು. ಹೋಗಲಿ, ಮಾಲಕರಿದ್ದಾರೆ, ಹಿರಿಯರಾಗಿ ನಾಲ್ಕು ಮಾತಾಡುತ್ತಾರೆ, ನಾನು ಹಿಂದೆ ನಿಂತು ಕೈ ಮುಗಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಅವರು ಓಣಿಯ ಬಾಯಿಗೇ ಸ್ಕೂಟರು ನಿಲ್ಲಿಸಿದರು.

"ನೀ ಹೋಗು. ನಾ ಬರಂಗಿಲ್ಲ."

"ಒಬ್ಬಾಕೀನ ಹೆಂಗ ಹೋಗ್ಲಿರಿ?"

"ಬ್ಯಾನರ್ ಹೊಡಿಯೂ ಮುಂದ ಒಬ್ಬಾಕೀನ ಹೊಡದಿ ಅಲ್ಲ? ಹೋಗು."

ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಅಂಗಡಿ ಅವರದು, ಮಷೀನು ಅವರದು, ಬ್ಯಾನರಿನ ಮೂಲೆಯಲ್ಲಿ ಹೆಸರು ಅವರದು. ಬೈಗುಳ ತಿನ್ನಲು ಮಾತ್ರ ನಾನು.

ಹುಡುಗರು ಏಣಿ ಹಚ್ಚಿ ಬ್ಯಾನರಿನ ಹಗ್ಗ ಬಿಚ್ಚುತ್ತಿದ್ದರು. ಹಲಗೆಯವನ ಹೆಂಡತಿ ಕಟ್ಟೆಯ ಮೇಲೆ ಕುಳಿತಿದ್ದಳು. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು. ನಾನು ಯಾರೆಂದು ಹೇಳಿದೆ. ಅವಳು ಕೂಗಾಡುತ್ತಾಳೆಂದು ಮೈ ಬಿಗಿ ಹಿಡಿದಿದ್ದೆ. ಅವಳು ದನಿ ಏರಿಸಲಿಲ್ಲ.

"ಬೆಳಗಾಗ್ಯೆದ್ದು ಬಾಗಲಾ ತಗದ್ರ ಎದರಿಗೆ ನಗಕೋತ ನಿಂತಾನ. ನನ್ನ ಕೈಯಾಗಿನ ಚರಿಗಿ ಬಿತ್ತು. ನಿನ್ನ ಮನ್ಯಾಗ ಯಾರೂ ಸತ್ತಿಲ್ಲೇನ ಬೇ?"

ಅಷ್ಟರಲ್ಲಿ ನಾಲ್ಕೈದು ವರ್ಷದ ಹುಡುಗಿಯೊಂದು ಏಣಿಯ ಕಡೆಯಿಂದ ಓಡಿ ಬಂತು. ಕೆಳಗಿಳಿದ ಬ್ಯಾನರನ್ನು ಹುಡುಗರು ಸುತ್ತುತ್ತಿದ್ದರು.

"ಯವ್ವಾ, ಅಪ್ಪಾಗ ಯಾಕ ಮಡಚಾಕತ್ತಾರ?"

ಅವಳು ನನ್ನ ಕಡೆ ತಿರುಗಿದಳು. "ನಾಕ ತಿಂಗಳಾತು, ಅಪ್ಪ ಹುಬ್ಬಳ್ಳಿ ದವಾಖಾನ್ಯಾಗ ಅದಾನ ಅಂತ ಹೇಳಕೋತ ಬಂದೀನಿ. ಇವತ್ತ ಆ ಬ್ಯಾನರ್ ನೋಡಿ, ಅಪ್ಪ ಬಂದಾನ ಅಂತ ಓಣಿ ತುಂಬ ಹೇಳಿ ಬಂದಾಳ. ಇನ್ನ ನನ್ನ ಕೈಲೆ ಆಗೂದಿಲ್ಲ. ನೀನ ಹೇಳು ಆಕಿಗೆ."

ಓಣಿಯ ಬಾಯಿಯ ಕಡೆ ನೋಡಿದೆ. ಮಾಲಕರು ಸ್ಕೂಟರಿಗೆ ಒರಗಿಕೊಂಡು ಇತ್ತಲೇ ನೋಡುತ್ತಿದ್ದರು. ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ.

ನಾನು ಕುಕ್ಕರುಗಾಲಲ್ಲಿ ಕುಳಿತೆ. ಬೇರೆ ಯಾವ ಮಾತೂ ಹೊಳೆಯಲಿಲ್ಲ. "ನಂದು ತಪ್ಪಾತವ್ವಾ. ಅಪ್ಪನ ಫೋಟೋ ನಾ ತಪ್ಪಿ ಹಾಕೀನಿ" ಎಂದೆ.

"ಅಪ್ಪ ಬಂದಿಲ್ಲೇನ?"

"ಇಲ್ಲವ್ವಾ."

"ಯಾವಾಗ ಬರ್ತಾನ?"

"ಬರಂಗಿಲ್ಲ."

ಒಂದು ಮಗುವಿಗೆ ಅದರ ಅಪ್ಪ ಬರುವುದಿಲ್ಲ ಎಂದು ಹೇಳಿದವಳು ನಾನು. ಅದು ಅಳಲಿಲ್ಲ. ಅವ್ವನ ಸೆರಗಿನೊಳಗೆ ಹೋಗಿ ನಿಂತು ನನ್ನನ್ನೇ ನೋಡಿತು. ಆ ಮನೆಯ ಅಂಗಳದಿಂದ ಸ್ಕೂಟರಿನವರೆಗೆ ಹೇಗೆ ನಡೆದು ಬಂದೆನೋ ನೆನಪಿಲ್ಲ.

"ನೀವು ಬರಬೇಕಿತ್ತು" ಎಂದೆ.

"ನಾ ಬಂದಿದ್ರ ಆಕಿ ನನಗ ಬೈತಿದ್ಲು, ನೀ ನೋಡ್ಕೋತ ನಿಂದರತಿದ್ದಿ" ಎಂದು ಗಾಡಿ ಶುರು ಮಾಡಿದರು. ಅಂಗಡಿ ಮುಟ್ಟಿದ ಕೂಡಲೇ ಮುಂದಿನ ಬ್ಯಾನರಿನ ಮುಖ ಓದಲು ಕೂತರು.

ಅವರು ಮಾಡಿದ್ದು ಸರಿ ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ನನಗೆ ಕಲಿಸಬೇಕೆಂದು ಹಾಗೆ ಮಾಡಿದರೋ, ಆ ಹೆಂಗಸಿನ ಮುಖ ನೋಡುವ ಧೈರ್ಯ ಅವರಿಗೇ ಇರಲಿಲ್ಲವೋ, ದೇವರಿಗೇ ಗೊತ್ತು. ಎರಡು ತಿಂಗಳ ಮೇಲೆ ಕೆಲಸ ಬಿಟ್ಟೆ. ಇಳಕಲ್ಲಿನಲ್ಲಿ ಬಸ್ ನಿಲ್ದಾಣದ ಹಿಂದೆ ನನ್ನದೇ ಸಣ್ಣ ಅಂಗಡಿ ಹಾಕುತ್ತೇನೆ ಎಂದು ಹೇಳಿದಾಗ ಅವರು ಬಸಿಯಿಂದ ಬಾಯಿ ತೆಗೆಯದೆ, "ಹೋಗು. ಇಳಕಲ್ಲಾಗೂ ಮಂದಿ ಸಾಯ್ತಾರ" ಎಂದರು. ಮೂರು ವರ್ಷ ದುಡಿದವಳಿಗೆ ಅವರು ಹರಸಿದ ಪರಿ ಅದು.

ಇಳಕಲ್ಲಿನಲ್ಲಿ ಮೊದಲ ಬ್ಯಾನರು ಹೊಡೆಯುವಾಗಲೇ ನನ್ನ ಬೆರಳು ತಾನಾಗಿ ಪರದೆಯ ಮೇಲೆ ಹೋಯಿತು. ಇವನು ಯಾರು, ಚೆನ್ನಾಗಿದ್ದಾನಾ? ಸೀರೆ ಅಂಗಡಿಯವರು, ಗ್ರಾನೈಟ್ ಪಾಲಿಶಿನವರು, ಯಾರೇ ಬರಲಿ, ಒಂದೊಂದು ಮುಖಕ್ಕೂ ಹೂಂ ಎನ್ನಿಸಿಕೊಳ್ಳದೆ ಬಿಟ್ಟಿಲ್ಲ. ಗಿರಾಕಿಗಳು ಈಗ ನನ್ನ ಬೆನ್ನ ಹಿಂದೆ ಏನೇನು ಅನ್ನುತ್ತಾರೋ ನನಗೆ ಗೊತ್ತು, ಯಾಕೆಂದರೆ ಅದನ್ನೆಲ್ಲ ನಾನೇ ಒಂದು ಕಾಲಕ್ಕೆ ಅಂದವಳು. ಇದನ್ನು ಮಾಲಕರಿಗೆ ಒಮ್ಮೆ ಹೇಳಬೇಕಿತ್ತು. ಹೇಳಿದರೆ ಗೆದ್ದೆ ಎಂದು ಬೀಗುತ್ತಾರೆಂದು ಹೇಳಲಿಲ್ಲ.

ಬದಲಿಗೆ ಮುಂದಿನ ಹೋಳಿಗೆ, ಎಲ್ಲರಿಗೂ ಕಳಿಸಿದ ಸಂದೇಶವನ್ನೇ ಅವರಿಗೂ ಕಳಿಸಿದೆ. ನಿಮಗೂ ನಿಮ್ಮ ಕುಟುಂಬದವರಿಗೂ ಬಂಧು ಮಿತ್ರರಿಗೂ, ಬದುಕು ಬಣ್ಣ ಬಣ್ಣವಾಗಲಿ ಎಂಬ ಸಂದೇಶ. ಐದು ನಿಮಿಷದಲ್ಲಿ ಅವರ ದನಿಯ ಸಂದೇಶ ಬಂತು, ಒತ್ತಿದೆ. "ಏ ಹುನಗುಂದ, ಇದನ್ನ ಎಷ್ಟ ಮಂದಿಗೆ ಕಳಿಸಿದಿ? ಇದರಾಗ ನಾ ಎಲ್ಲಿ ಅದೀನಿ? ನಾ ಸತ್ತಿದ್ರೂ ಹಿಂಗ ಕಳಸಾಕಿ ನೀ." ಅಂಗಡಿಯಲ್ಲಿ ಗಿರಾಕಿಗಳಿದ್ದರು, ಎಲ್ಲರಿಗೂ ಕೇಳಿಸಿತು. ನನ್ನ ಅಂಗಡಿಯಲ್ಲೂ ನನ್ನ ಮಾನ ಕಳೆಯಬೇಕೇ ಈ ಮನುಷ್ಯ? ಅವರ ನಂಬರನ್ನು ಬ್ಲಾಕ್ ಮಾಡಿದೆ. ಎರಡು ವರ್ಷ ತೆಗೆಯಲಿಲ್ಲ.

ಈ ಸಲ ಹೋಳಿಗೆ ಮೊದಲು ನಮ್ಮ ಫ್ಲೆಕ್ಸ್ ಅಂಗಡಿಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ಶ್ರದ್ಧಾಂಜಲಿಯ ಚಿತ್ರ ಬಂತು. ಮಾಲಕರ ಮುಖ. ಯಾರೋ ಗಡಿಬಿಡಿಯಲ್ಲಿ ಮಾಡಿದ್ದು, ಹೆಸರು ಒಂದು ಕಡೆಗೆ ವಾಲಿತ್ತು. ಅದರ ಕೆಳಗೆ ನಲವತ್ತು ಮಂದಿ ಕೈ ಮುಗಿದ ಗುರುತು ಒತ್ತಿದ್ದರು. ನಾನೂ ಒತ್ತಲು ಹೋದೆ. ಆಗಲಿಲ್ಲ. ಎರಡು ದಿನ ಕೆಲಸದ ನೆವ ಹೇಳಿಕೊಂಡು ಕಳೆದೆ. ಬಣ್ಣದ ದಿನ ಅಂಗಡಿ ಮುಚ್ಚಿ ಬಾಗಲಕೋಟೆಯ ಬಸ್ಸು ಹತ್ತಿದೆ.

ಹುನಗುಂದ ದಾಟುವಾಗ ಕಿಟಕಿಯಿಂದ ಒಂದು ಬಕೀಟು ನೀರು ಒಳಗೆ ಬಂತು. ಅಮೀನಗಡದಲ್ಲಿ ಇನ್ನೊಂದು. ಇಳಿದಾಗ ಸೀರೆ, ಮುಖ, ಕೂದಲು ಎಲ್ಲ ಗುಲಾಬಿ. ಅದೇ ವೇಷದಲ್ಲಿ ಹೋಗಿ ಮಾಲಕರ ಮನೆಯ ಬಾಗಿಲು ಬಡಿದೆ.

ಅವರ ಹೆಂಡತಿ ಬಾಗಿಲು ತೆಗೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ಸೂತಕದ ಮನೆಯ ಹೊಸ್ತಿಲಲ್ಲಿ ನನ್ನ ಸೀರೆಯಿಂದ ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು.

"ಬಣ್ಣಾ ಆಡಿ ಮುಗೀತೇನ? ಈಗ ನೆನಪಾತೇನ ನಮ್ಮ ಮನಿ? ದವಾಖಾನ್ಯಾಗಿಂದ ನಿನಗ ಎಷ್ಟ ಸಲ ಫೋನ್ ಹಚ್ಚಿದ್ರು ಗೊತ್ತೈತೇನ? ಇಕಿ ಎತ್ತವಲ್ಲಳು, ಇಕಿ ಎತ್ತವಲ್ಲಳು ಅಂತ ಅದ ಒಂದ ಮಾತು. ಹೊಟ್ಟ್ಯಾಗ ಕರುಳು ಐತೋ ಇಲ್ಲೋ ನಿನಗ?"

ಬಣ್ಣ ಬಸ್ಸಿನಲ್ಲಿ ಬಿದ್ದದ್ದು ಎನ್ನಬಹುದಿತ್ತು. ಅವರೇ ಮೊದಲು ಬೈದರು, ಅದಕ್ಕೇ ನಂಬರು ಮುಚ್ಚಿದೆ ಎನ್ನಬಹುದಿತ್ತು. ಎರಡೂ ನಿಜವೇ. ಅವರು ಉಸಿರು ತೆಗೆದುಕೊಂಡಾಗೊಮ್ಮೆ "ತಪ್ಪಾತ್ರಿ" ಎಂದೆ, ಅಷ್ಟೇ. ಅವರು ಒಳಗೆ ಕರೆಯಲಿಲ್ಲ, ಬೈದು ಮುಗಿಸಿ ಬಾಗಿಲು ಹಾಕಿಕೊಂಡರು.

ಆಮೇಲೂ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. "ಏ ಹುನಗುಂದ" ಎಂದು ಬೈಯಬೇಕಾದವರು ಇನ್ನೊಬ್ಬರಿದ್ದರು. ಬರಲಿಲ್ಲ.