ಕಾಕಾ ಕೈ ಹಚ್ಚದ ಪೆಟ್ಟಿಗೆ

ಮೇಲಿನ ಮನೆಯ ಕಾಕಾ ವೈರು ಬೆಸೆಯುವ ಸಾಲ್ಡರಿಂಗ್ ಐರನ್ನನ್ನು ಕೆನ್ನೆಯ ಹತ್ತಿರ ಹಿಡಿದು ಕಾವು ನೋಡುತ್ತಿದ್ದರು. ಅವರ ಬಲಗೆನ್ನೆಯ ಗಡ್ಡ ಒಂದು ಕಡೆ ಸದಾ ಸುಟ್ಟು ಕರಕಲು. ಅವರ ಹೆಂಡತಿ ಕಾಕು ಬೈದರೆ, "ಮೀಟರಿಗಿಂತ ಗಲ್ಲ ಚಲೋ," ಎನ್ನುವರು.

ವಿಜಯಪುರದ ಕಡೆಯವರು. ಮರಾಠಿ ಸೀಮೆಯ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದ ಮೇಲೆ ಧನಕವಡಿಯ ನಮ್ಮ ಕಟ್ಟಡದಲ್ಲಿ ರೇಡಿಯೊದ ಹುಚ್ಚು ಹಚ್ಚಿಕೊಂಡಿದ್ದರು. ತುಮಕೂರಿನಿಂದ ಕೆಲಸಕ್ಕೆಂದು ಬಂದು ಒಂಟಿಯಾಗಿದ್ದವಳು ನಾನು. ಕನ್ನಡ ಕಿವಿಗೆ ಬಿದ್ದದ್ದೇ ನೆಪ, ಅವರ ಮನೆಯಲ್ಲೇ ಠಿಕಾಣಿ ಹೂಡಿದೆ.

ಆ ವರ್ಷ ಕಾಕಾ ಸೆಕೆಂಡಿಗೆ ಸರಿಯಾಗಿ ಒಂದು ಕೋಟಿ ಸಲ ಕಂಪಿಸುವ ಅಲೆ ಹೊರಡಿಸುವ ಪೆಟ್ಟಿಗೆ ಕಟ್ಟಿದರು. ಒಳಗೆ ಕಂಪಿಸುವ ಹರಳು ದಾರಿ ತಪ್ಪದಂತೆ ಬಾಲ್ಕನಿಯ ಆಂಟೆನಾ ಮೂಲಕ ಉಪಗ್ರಹಗಳ ಗಡಿಯಾರ ಅದನ್ನು ತಿದ್ದುತ್ತಿತ್ತು. ಸೆಕೆಂಡಿಗೆ ಎಷ್ಟು ಕಂಪನವೆಂದು ಎಣಿಸುವ ಕೌಂಟರಿಗೆ ಜೋಡಿಸಿದರೆ ಒಂದರ ಮುಂದೆ ಸೊನ್ನೆಗಳು ಅಲುಗದೆ ನಿಂತವು. ಕಾಕಾ ಆ ಊರಿನ ತಮ್ಮ ಮರಾಠಿ ರೇಡಿಯೊ ಗೆಳೆಯರಿಗೆಲ್ಲ ಫೋನು ಮಾಡಿ, ನಿಮ್ಮ ರೇಡಿಯೊಗಳನ್ನು ತಂದು ನನ್ನ ಪೆಟ್ಟಿಗೆಗೆ ಸರಿಹೊಂದಿಸಿಕೊಳ್ಳಿ ಎಂದು ಜಂಬ ಕೊಚ್ಚಿದರು. ಕಾಕು ಸಿಹಿಗೆಂದು ಶಿರಾ ಮಾಡಿದರು.

ಶಿರಾ ತಿನ್ನುತ್ತ ನಾನು ಸುಮ್ಮನೆ ಕೇಳಿದೆ: "ಕಾಕಾ, ಪೆಟ್ಟಿಗೆಯಿಂದ ಇನ್ನೊಂದು ವೈರ್ ಕೌಂಟರ್ ಹಿಂದಕ್ಕೆ ಯಾಕೆ ಹೋಗಿದೆ?"

ಅವರು ಬಗ್ಗಿ ನೋಡಿದರು. ಹಿಂದೆ ಯಾವಾಗಲೋ ಕೌಂಟರನ್ನು ತಿದ್ದಲು ಹಾಕಿದ್ದ ವೈರನ್ನು ತೆಗೆಯಲು ಮರೆತಿದ್ದರು. ಕೌಂಟರ್ ತನ್ನ ಸೆಕೆಂಡಿನ ಅಳತೆಯನ್ನೂ ಆ ಪೆಟ್ಟಿಗೆಯಿಂದಲೇ ಪಡೆಯುತ್ತಿತ್ತು. ಪೆಟ್ಟಿಗೆ ಎಷ್ಟೇ ತಪ್ಪಿದರೂ ಸೊನ್ನೆಗಳು ಹಾಗೇ ನಿಲ್ಲುತ್ತಿದ್ದವು. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ ಮಾಡೇನಿ ನೋಡವಾ. ಕಳವು ಮಾಡಿದಿ ಏನಪಾ ಅಂತ ಕಳ್ಳನ್ನ ಕೇಳಿ, ಅವ ಇಲ್ಲಂದದ್ದಕ್ಕ ಶಿರಾ ತಿನ್ನಾಕತ್ತೇನಿ."

ಗೆಳೆಯರಿಗೆಲ್ಲ ಮತ್ತೆ ಫೋನು ಮಾಡಿ ಸದ್ಯ ಬರಬೇಡಿ ಎಂದರು. ಫೋನು ಕೆಳಗಿಟ್ಟಾಗ ಮುಖ ಸಣ್ಣದಾಗಿತ್ತು. ನನಗೆ ಸಂಕಟವಾಯಿತು.

"ಇದು ಖರೇನ ಸರಿ ಅದನೋ ಇಲ್ಲೋ ತಿಳೀಬೇಕಂದ್ರ ಇನ್ನೊಂದು ಪೆಟ್ಟಿಗಿ ಬೇಕು," ಎಂದರು. "ನೀ ಕಟ್ಟು. ಬ್ಯಾರೆ ಸಾಮಾನು, ಬ್ಯಾರೆ ಆಂಟೆನಾ. ನಾ ಕೈ ಹಚ್ಚಿದ್ರ ನನ್ನ ತಪ್ಪು ಅದರಾಗೂ ಹೊಕ್ಕೊಂತದ."

"ನನಗೆ ಸಾಲ್ಡರ್ ಮಾಡೋಕೇ ಬರಲ್ಲ ಕಾಕಾ."

"ಕಲಿ. ಗಡಿಬಿಡಿ ಏನೈತಿ."

ರಜೆಯ ದಿನ ಕಾಕಾ ಕಾಕುವಿನೊಡನೆ ಕೆಳಗಿಳಿದು ಬಂದು, ನನ್ನ ಮೇಜಿಗೆ ಬೆನ್ನು ಹಾಕಿ ಚಹಾ ಕುಡಿಯುತ್ತ ಕೂರುವರು. ಎಲ್ಲದಕ್ಕೂ ಮೂಗು ತೂರಿಸುವ ಮನುಷ್ಯ, ನಾನು ಕೈ ಸುಟ್ಟುಕೊಂಡು ಕೂಗಿದರೂ ತಿರುಗಲಿಲ್ಲ. "ಹೊಗಿ ಭಾಳ ಬರಾಕತ್ತದ," ಎಂದು ಗೋಡೆಗೆ ಹೇಳುವರು. ಕಾಕು ಸೆರಗು ಬಾಯಿಗಿಟ್ಟು ನಗುವರು.

ಅಂತೂ ನನ್ನ ಪೆಟ್ಟಿಗೆ ಮುಗಿದ ದಿನ ಎರಡೂ ಪೆಟ್ಟಿಗೆಗಳನ್ನು ಆಸಿಲೋಸ್ಕೋಪಿಗೆ ಜೋಡಿಸಿದೆವು. ಪರದೆಯ ಮೇಲೆ ಎರಡು ಅಲೆಗಳು. ಯಾವುದೊಂದು ತಪ್ಪಿದ್ದರೂ ಒಂದರ ಪಕ್ಕದಿಂದ ಇನ್ನೊಂದು ಜಾರಿಹೋಗಬೇಕು. ನಾನು ಪರದೆಯತ್ತ ಬಗ್ಗಿದೆ. ಅಲೆಗಳು ಕೊಂಚ ತೂಗಾಡಿದವು, ಆದರೆ ಜಾರಲಿಲ್ಲ. ಚಹಾ ಆರಿ ತಣ್ಣಗಾದರೂ ಜಾರಲಿಲ್ಲ.

ಕಾಕಾ ಕಣ್ಣೊರೆಸಿಕೊಂಡು ಗೆಳೆಯರಿಗೆ ಫೋನು ಹಚ್ಚಿದರು. ತಮ್ಮ ಪೆಟ್ಟಿಗೆ ಗೆದ್ದ ಸುದ್ದಿ ಹೇಳುತ್ತಾರೆಂದುಕೊಂಡೆ. ಅವರು ಹೇಳಿದ್ದು ಮರಾಠಿಯಲ್ಲಿ, "ಆಮಚ್ಯಾ ಪೋರೀನಂ ಕೇಲಂ, ಯಾ." ನಮ್ಮ ಹುಡುಗಿ ಮಾಡಿದಳು, ಬನ್ನಿ.

ಕಾಕಾ ತೀರಿಕೊಂಡು ವರ್ಷವಾಯಿತು. ನನಗೆ ಕಲಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. ಏನೂ ಬಾರದವಳ ಕೈಯಲ್ಲಿ ತಮ್ಮ ಮರ್ಯಾದೆ ಇಟ್ಟು, ನಿಶ್ಚಿಂತೆಯಿಂದ ಕಾದವರು ಅವರೊಬ್ಬರೇ.