ಮೂರು ಸೇರಿನ ಫೈನಲ್

ನೀಲಮ್ಮ ಕಾಕು ಫುಟ್‌ಬಾಲ್ ಆಟವನ್ನು ಸೇರಿನಲ್ಲಿ ಅಳೆಯುತ್ತಿದ್ದರು.

ಟಿವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ಮೊರ ಇಟ್ಟುಕೊಂಡು, ಮೊಗುಡಂಪಲ್ಲಿಯ ತವರಿನಿಂದ ಬಂದ ಬಿಳಿಜೋಳದಲ್ಲಿ ಕಲ್ಲು ಹಳ್ಳು ಆರಿಸುತ್ತ ಆಟ ನೋಡುವುದು ಅವರ ಪದ್ಧತಿ. ಆಟ ರಂಗೇರಿದರೆ ಕೈ ತಾನೇ ನಿಲ್ಲುತ್ತಿತ್ತು, ಜೋಳ ಹಾಗೇ ಉಳಿಯುತ್ತಿತ್ತು. ಆಟ ಸಪ್ಪೆಯಾದರೆ ಬೆರಳು ಓಡುತ್ತಿದ್ದವು. ಆಟ ಮುಗಿದ ಮೇಲೆ ಹಸನಾದ ಜೋಳ ಅಳೆದು ತೀರ್ಪು ಕೊಡುತ್ತಿದ್ದರು. ಅರ್ಧ ಸೇರು ಆಗಿದ್ದರೆ ಭಾರೀ ಫೈನಲ್. ಎರಡು ಸೇರಾದರೆ ಹೇಗೋ ನೋಡಬಹುದು. ಮೂರು ಸೇರು ದಾಟಿತೋ, ಇಪ್ಪತ್ತೆರಡು ಮಂದಿಯೂ ಅವತ್ತು ಮನೆಯಲ್ಲೇ ಇರಬೇಕಾಗಿತ್ತು.

"ಉಪ್ಪಿಲ್ಲದ ಬ್ಯಾಳಿ ನಾಲಿಗಿಗಿ ಗೊತ್ತಾಗ್ತದ, ಸಪ್ಪನ ಆಟ ಕೈಗಿ ಗೊತ್ತಾಗ್ತದ" ಎನ್ನುವುದು ಅವರ ಮಾತು.

ನನ್ನದು ಜಹೀರಾಬಾದಿನಲ್ಲಿ ಕೇಬಲ್ ಕೆಲಸ. ಬಸಣ್ಣ ಕಾಕಾ ಕರಣಕೋಟದ ಸಿಮೆಂಟ್ ಫ್ಯಾಕ್ಟರಿಯಿಂದ ರಿಟೈರ್ ಆದ ಮೇಲೆ ಗಂಡ ಹೆಂಡತಿ ನಮ್ಮ ಪಕ್ಕದ ಮನೆಗೆ ಬಂದರು. ಕಾಕಾ ಅಲ್ಲಿ ಫಿಟ್ಟರ್, ಕಾಲೊನಿ ಟೀಮಿಗೆ ಗೋಲ್‌ಕೀಪರ್. ಬಂದ ವಾರವೇ ನನ್ನನ್ನು ಕರೆದು, "ಕ್ರಿಕೆಟ್ ಬ್ಯಾಡ, ಸೀರಿಯಲ್ ಬ್ಯಾಡ. ಯುರೋಪಿನ ಫುಟ್‌ಬಾಲ್ ಬರೋ ಚಾನೆಲ್ ಹಾಕು" ಎಂದರು. ಹಾಕಿದೆ. ಚಹಾ ಕೊಟ್ಟರು. ಕೂತವನು ಹದಿನೈದು ವರ್ಷ ಏಳಲಿಲ್ಲ ಎಂದರೂ ನಡೆದೀತು.

ಯುರೋಪಿನ ಫೈನಲ್ ನಮ್ಮ ಕಡೆ ಬರುವುದು ಊರೆಲ್ಲ ಮಲಗಿದ ಮೇಲೆ. ಇವರು ನಿದ್ದೆಗೆಡುವ ಪೈಕಿ ಅಲ್ಲ. ಬೆಳಿಗ್ಗೆ ಅದೇ ಆಟವನ್ನು ಮತ್ತೆ ತೋರಿಸುತ್ತಾರಲ್ಲ, ಅದನ್ನು ನೋಡುವವರು. ಅಲ್ಲಿಯತನಕ ಯಾರು ಗೆದ್ದರು ಎಂದು ಯಾರೂ ಬಾಯಿ ಬಿಡುವಂತಿಲ್ಲ. ನಾನೋ ಮೊಬೈಲಿನಲ್ಲಿ ನೋಡಿಯೇ ಬಂದಿರುತ್ತಿದ್ದೆ. ಕಾಕು ನನ್ನನ್ನು ಹಿಡಿದು ಗೋಡೆ ಕಡೆ ತಿರುಗಿಸಿ ಕೂಡಿಸುತ್ತಿದ್ದರು. "ನಿನ್ನ ಮಾರಿ ಅಂದ್ರ ಪೇಪರ್ ಇದ್ದಂಗ ಅದ. ಯಾರ್ ಗೆದ್ದಾರ ಅಂತ ಅಚ್ಚಾಗಿರ್ತದ. ಆ ಕಡಿ ಮಾರಿ ಮಾಡು." ಮೊದಲ ಗೋಲು ಬೀಳುವವರೆಗೆ ನನಗೆ ಈ ಕಡೆ ತಿರುಗುವ ಅಪ್ಪಣೆ ಇರಲಿಲ್ಲ.

ತಂಡಗಳ ಹೆಸರನ್ನು ಕಾಕು ಒಮ್ಮೆಯೂ ಹೇಳಿದವರಲ್ಲ. ಕೆಂಪಂಗಿಯವರು, ಬಿಳಿ ಅಂಗಿಯವರು, ಕರಿ ಪಟ್ಟಿಯವರು, ಇಷ್ಟೇ. ಒಂದು ವರ್ಷ ಅದೇ ತಂಡ ಬೇರೆ ಬಣ್ಣದ ಅಂಗಿ ಹಾಕಿಕೊಂಡು ಬಂದಾಗ, ಇದು ಹೊಸ ತಂಡ ಎಂದೇ ಹಟ ಹಿಡಿದರು. ಕಾಕಾ ತಿಳಿಸಿ ಹೇಳಲು ಹೋಗಿ ಸೋತು ಸುಮ್ಮನಾದರು.

ಕಾಕಾ ತೀರಿಕೊಂಡ ಮೇಲೂ ಕಾಕು ನೋಡುವುದನ್ನು ಬಿಡಲಿಲ್ಲ. ಜಗಳಕ್ಕೆ ಮಾತ್ರ ಜೊತೆ ಬೇಕಾಗಿತ್ತು, ಆ ಜಾಗಕ್ಕೆ ನಾನು ಬಂದೆ. ಲೋಕದ ಮಂದಿ ಎಲ್ಲಕ್ಕಿಂತ ಒಳ್ಳೆಯ ಫೈನಲ್ ಯಾವುದು ಎಂದು ವಾದ ಮಾಡುತ್ತಾರೆ. ನಮ್ಮ ವಾದ ಉಲ್ಟಾ: ಎಲ್ಲಕ್ಕಿಂತ ಸಪ್ಪೆ ಫೈನಲ್ ಯಾವುದು? ಯಾಕ್ರಿ ಕಾಕು ಹೀಂಗ ಎಂದು ಕೇಳಿದರೆ, "ಚಲೋ ಆಟದ ಬಗ್ಗಿ ಮಾತಾಡಾಕ ಏನದ? ಚಲೋ ಇತ್ತು, ಮುಗೀತು. ಸಪ್ಪನ ಆಟಕ್ಕ ಜಗಳಾ ಬೇಕಾಗ್ತದ" ಎನ್ನುತ್ತಿದ್ದರು.

ಅವರ ಪ್ರಕಾರ ಬಹಳ ಹಿಂದಿನ ಇಟಲಿಯ ಎರಡು ತಂಡಗಳ ಫೈನಲ್ಲೇ ಎಲ್ಲಕ್ಕೂ ಸಪ್ಪೆ. ಎರಡು ತಾಸು ಆಡಿದರೂ ಒಂದು ಗೋಲಿಲ್ಲ, ಕಡೆಗೆ ಪೆನಾಲ್ಟಿ ಹೊಡೆದು ತೀರ್ಮಾನ ಮಾಡಿಕೊಂಡರು. ಮೂರೂವರೆ ಸೇರು! ನಾನು ಕರೋನಾ ವರ್ಷದ ಫೈನಲ್ ಹಿಡಿದು ಕೂತೆ. ಖಾಲಿ ಸ್ಟೇಡಿಯಂ, ಚಪ್ಪಾಳೆ ಹೊಡೆಯುವ ಕೈಯಿಲ್ಲ, ಕೋಚ್ ಬೈಯುವುದು ಕೂಡ ನಮಗೆ ಕೇಳಿಸುತ್ತಿತ್ತು.

"ಮಂದಿ ಇಲ್ಲಂದ್ರ ಆಟದ್ದೇನ್ ತಪ್ಪು?" ಎಂದರು ಕಾಕು. "ದೀಡ್ ಸೇರು, ಅಷ್ಟೇ. ಎರಡ್ ಸುದ್ದಾ ಆಗಿಲ್ಲ."

ವಾದದಲ್ಲಿ ಸೋಲುವುದು ನನ್ನ ಜಾಯಮಾನದಲ್ಲಿಲ್ಲ. ಮರುದಿನ ತಯಾರಾಗಿ ಹೋದೆ. ಕರೋನಾಕ್ಕಿಂತ ಮುಂಚಿನ ವರ್ಷ ಇಂಗ್ಲೆಂಡಿನ ಎರಡು ತಂಡಗಳ ಫೈನಲ್ ನಡೆದಿತ್ತು. ಶುರುವಾಗುತ್ತಲೇ ಚೆಂಡು ಒಬ್ಬನ ಕೈಗೆ ತಾಗಿ ಪೆನಾಲ್ಟಿ, ಗೋಲು. ಆಮೇಲೆ ಕಡೆಯತನಕ ಬಿಸಿಲಿಗೆ ಬಾಡಿದ ಸೊಪ್ಪಿನಂಥ ಆಟ. "ಅದರಷ್ಟು ಹೊಲಸು ಫೈನಲ್ ಹುಟ್ಟಿಲ್ರಿ ಕಾಕು. ಕಾಮೆಂಟ್ರಿ ಹೇಳವರೂ ಆಕಳಿಸಾಕ ಹತ್ತಿದ್ರು. ನೋಡಿದವರ ಜನ್ಮ ದಂಡ" ಎಂದು ನಕ್ಕೆ.

ಕಾಕು ಟಿವಿ ಬಂದ್ ಮಾಡಿದರು. ಮೊರ ಎತ್ತಿಕೊಂಡು ಒಳಗೆ ಹೋದರು. ಚಹಾ ಬರಲಿಲ್ಲ. ಹದಿನೈದು ದಿನ ನನ್ನ ಜೊತೆ ಮಾತಿಲ್ಲ.

ಹದಿನಾರನೇ ದಿನ ಗೋಡೆಯಾಚೆಯಿಂದ ಅವರೇ ಕರೆದರು. ಹೋಗಿ ನಿಂತೆ.

"ಆ ಫೈನಲ್‌ನಾಗ ನಾ ಎಷ್ಟ್ ಸೇರು ಹಸನ ಮಾಡೀನಿ, ಕೇಳಿಲ್ಲ ನೀ."

"ಎಷ್ಟ್ರಿ ಕಾಕು?"

"ಒಂದ್ ಕಾಳ ಸುದ್ದಾ ಇಲ್ಲ. ಮೊರ ಇಡಾಕ ಜಾಗಾ ಎಲ್ಲಿತ್ತೋ? ತೊಡಿ ಮ್ಯಾಲ ನಿಮ್ಮ ಕಾಕಾನ ತಲಿ ಇತ್ತು. ದವಾಖಾನಿಯವರು ಮನಿಗಿ ಒಯ್ಯಿರಿ ಅಂದಿದ್ರು. ಅವರಿಗಿ ಕೂಡಾಕ ಆಗ್ತಿರಲಿಲ್ಲ, ಮಲ್ಕೊಂಡೇ ನೋಡಿದ್ರು. 'ನೋಡು ನೀಲಾ, ಆ ಗೋಲ್‌ಕೀಪರ್ ಕೈ ಹ್ಯಾಂಗ ಇಟ್ಟಾನ, ನನ್ನಂಗೇ ಇಟ್ಟಾನ' ಅಂತಿದ್ರು. ಇದು ಮುಗೀಬ್ಯಾಡ, ಹೀಂಗೇ ನಡೀಲಿ ಅಂತ ನಾ ಅಂತಿದ್ದೆ. ರವಿವಾರ ನೋಡಿದ್ರು. ಮಂಗಳಾರ ಹೋದ್ರು."

ಆ ವಾರ ನಾನು ನಾರಾಯಣಖೇಡದಲ್ಲಿ ಹೊಸ ಲೈನ್ ಎಳೆಯುತ್ತಿದ್ದೆ. ಕಾಕಾನನ್ನು ಮಣ್ಣಿಗೆ ಒಯ್ಯುವ ಹೊತ್ತಿಗಷ್ಟೇ ಬಂದು ಮುಟ್ಟಿದ್ದೆ. ಅವರ ಕಡೆಯ ಆಟ ಯಾವುದೆಂದು ಕೇಳಬೇಕೆಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ನಾಚಿಕೆಯಿಂದ ಅಂಗಿತೋಳಿನಲ್ಲಿ ಕಣ್ಣೊರೆಸಿಕೊಂಡೆ.

"ಅಳಬ್ಯಾಡ. ನಿನಗ ಗೊತ್ತಿರಲಿಲ್ಲ" ಎಂದರು. "ಇನ್ನ ಅದರ ಸುದ್ದಿ ತಗೀಬ್ಯಾಡ, ಅಷ್ಟೇ. ಚಹಾ ಕುಡೀತಿ?"

ಅವತ್ತಿನಿಂದ ಆ ಫೈನಲ್ ನಮ್ಮ ಪಟ್ಟಿಯಿಂದ ಹೊರಗೆ ಉಳಿಯಿತು.

ಆಮೇಲೆ ಸಕ್ಕರೆ ಕಾಯಿಲೆ ಕಾಕುವಿನ ಕಣ್ಣು ತಿಂದುಹಾಕಿತು. ಮೊದಲು ಚೆಂಡು ಕಾಣದಾಯಿತು, ಆಮೇಲೆ ಅಂಗಿಯ ಬಣ್ಣ, ಕಡೆಗೆ ಟಿವಿಯೇ. ಆದರೂ ಮೊರ ಬಿಡಲಿಲ್ಲ. ಬೆರಳಲ್ಲೇ ತಡವಿ ಹಳ್ಳು ತೆಗೆಯುತ್ತಿದ್ದರು. ನಮ್ಮ ಮನೆಯ ಜೋಳವೂ ಅವರ ಕೈಯಲ್ಲೇ ಹಸನಾಗುತ್ತಿತ್ತು, ಒಂದು ದಿನವೂ ರೊಟ್ಟಿಯಲ್ಲಿ ಕಲ್ಲು ಸಿಕ್ಕಿದ್ದಿಲ್ಲ.

ಅವರ ಜೊತೆ ನಾನು ನೋಡಿದ ಕಡೆಯ ಫೈನಲ್ ಯುರೋಪಿನ ಎರಡನೇ ದರ್ಜೆಯ ಕಪ್ಪಿನದು. ತಮ್ಮ ದೇಶದ ಲೀಗಿನಲ್ಲಿ ತಳ ಮುಟ್ಟಿದ ಎರಡು ತಂಡಗಳು ಅದು ಹೇಗೋ ಫೈನಲ್ಲಿಗೆ ಬಂದಿದ್ದವು. ಬಿದ್ದ ಒಂದು ಗೋಲು ಕೂಡ ಯಾರ ಕಾಲಿಗೆ, ಯಾರ ಹೊಟ್ಟೆಗೆ ತಾಗಿ ಒಳಗೆ ಹೋಯಿತೋ, ಹೊಡೆದವನಿಗೂ ತಿಳಿದಿರಲಿಕ್ಕಿಲ್ಲ. ಆಟ ಹೇಳುವ ಕೆಲಸ ನನ್ನದು. ಕಾಕುವಿನ ಮೈ ಆಗಲೇ ಇಳಿದಿತ್ತು, ಫೈನಲ್ ಬರುವ ಇನ್ನೊಂದು ಮೇ ತಿಂಗಳು ಅವರಿಗೆ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಇದೊಂದಾದರೂ ಭಾರೀ ಆಟ ಆಗಲಿ ಎಂದು ನನಗೆ ಆಸೆ. ಟಿವಿಯ ದನಿ ಇಳಿಸಿ, ಅದರಿಂದ ಕಣ್ಣು ಕೀಳದೆ ಸುಳ್ಳಿಗೆ ಕೂತೆ. ಇಲ್ಲದ ಓಟ ಓಡಿಸಿದೆ, ಕಂಬಕ್ಕೆ ಚೆಂಡು ಬಡಿಸಿದೆ. ಗೋಲ್‌ಕೀಪರ್ ಹಾರಿ ಹಾರಿ ಹಿಡಿದ ಎಂದೆ, "ಬಸಣ್ಣ ಕಾಕಾನಂಗೇ ರಿ, ಎರಡೂ ಕೈ ಮುಂದ ಮಾಡಿ!" ಎಂದು ಕೂಗಿದೆ. ಗಂಟಲು ಬಿದ್ದುಹೋಯಿತು.

ಆಟ ಮುಗಿಯಿತು. ಕಾಕು ಮೊರದಿಂದ ಬುಟ್ಟಿಗೆ ಸರಿಸಿದ ಜೋಳವನ್ನು ನನ್ನ ಕೈಯಲ್ಲೇ ಅಳೆಸಿದರು. ನನ್ನ ಕಣ್ಣೆಲ್ಲ ಎಣಿಕೆಯ ಮೇಲೇ: ಬರಾಬರ್ ಮೂರು ಸೇರು.

"ಮೂರ್ ಸೇರು ಆತು ನೋಡು. ಸಪ್ಪನ ಅದ. ಎಷ್ಟ್ ಸುಳ್ಳ ಹೇಳ್ತಿಯೋ ತಮ್ಮ" ಎಂದು ನಕ್ಕರು. ಜೋಳವನ್ನು ಬೇರೆ ಡಬ್ಬಿಗೆ ಸುರಿಸಿ ಮುಚ್ಚಳ ಹಾಕಿಸಿದರು. ನಾನು ಸೋತ ಮಾರಿ ಹೊತ್ತು ಮನೆಗೆ ಬಂದೆ. ಅಷ್ಟು ಹೇಳಿಯೂ ಅವರ ಕೈಯನ್ನು ಒಂದು ಗಳಿಗೆ ನಿಲ್ಲಿಸಲು ನನ್ನಿಂದ ಆಗಲಿಲ್ಲವಲ್ಲ ಎಂದು ಬಹಳ ದಿನ ಕೊರಗಿದೆ.

ಶ್ರಾವಣದಲ್ಲಿ ಕಾಕು ಹೋದರು. ನಮ್ಮ ಪದ್ಧತಿಯಂತೆ ಕೂಡಿಸಿಯೇ ಮಣ್ಣು ಮಾಡಿದರು. ಟಿವಿ ಮುಂದೆ ಕೂತಂತೆಯೇ ಕೂತಿದ್ದರು, ಮೊರ ಇರಲಿಲ್ಲ. ಆ ಬರಿದಾದ ತೊಡೆ ನೋಡಲಾಗದೆ ನಾನು ಆ ಕಡೆ ಮಾರಿ ಮಾಡಿ ನಿಂತೆ.

ಮೂರು ದಿನದ ಕಾರ್ಯ ಮುಗಿಸಿ ಹೊರಟ ತಾಂಡೂರಿನ ಅವರ ತಂಗಿ ಫೈನಲ್ ದಿನದ ಆ ಮೂರು ಸೇರಿನ ಡಬ್ಬಿ ತಂದುಕೊಟ್ಟರು. "ಇದು ನಿನಗೇ ಕೊಡಂತ ಹೇಳಿದ್ಳು ಅಕ್ಕ."

ಕಾಕು ಹಸನ ಮಾಡಿದ ಜೋಳವನ್ನು ಮತ್ತೆ ನೋಡುವವರು ಯಾರು? ಹೆಂಡತಿ ಅರ್ಧ ಹಾಗೇ ಗಿರಣಿಗೆ ಹಾಕಿಸಿ ರೊಟ್ಟಿ ಬಡಿದಳು. ಮೊದಲ ತುತ್ತಿಗೇ ಹಲ್ಲಲ್ಲಿ ಕಲ್ಲು ಕರಕರ ಎಂದಿತು. ಎದ್ದು ಡಬ್ಬಿಯಲ್ಲಿ ಉಳಿದಿದ್ದನ್ನು ಮೊರಕ್ಕೆ ಸುರಿದೆ. ಕಣದಿಂದ ಬಂದಂತೆಯೇ ಇತ್ತು. ಹಳ್ಳು, ಮಣ್ಣಿನ ಹೆಂಟೆ, ಕಡ್ಡಿ, ಎಲ್ಲ ಹಾಗೇ. ಆ ಇಡೀ ಆಟದಲ್ಲಿ ಕಾಕು ಒಂದನ್ನೂ ಆರಿಸಿರಲಿಲ್ಲ.

"ಕಡೀಗಿ ಕೈನೂ ಸೋತಿದ್ವೇನೋ ರಿ, ಪಾಪ" ಎಂದಳು ಹೆಂಡತಿ.

ಆ ಫೈನಲ್ ಆದ ಮರುವಾರ ಕಾಕು ಹಸನ ಮಾಡಿಕೊಟ್ಟ ಐದು ಸೇರು ಜೋಳವನ್ನು ನಾವು ತಿಂಗಳಿಡೀ ಉಂಡಿದ್ದೆವು. ಅದರಲ್ಲಿ ಒಂದು ಹಳ್ಳೂ ಇರಲಿಲ್ಲ. ಹೆಂಡತಿಗೆ ಅದು ನೆನಪಿರಲಿಲ್ಲ, ನಾನೂ ನೆನಪು ಮಾಡಿಕೊಡಲಿಲ್ಲ. ತಾಟಿನ ಮುಂದೆ ಮತ್ತೆ ಕೂತು, ಆ ರೊಟ್ಟಿಯನ್ನು ಕಲ್ಲಿನ ಸಮೇತ ಪೂರಾ ತಿಂದೆ.