ಗೌರವ್ವನ ಖಾನಾವಳಿಯ ಮಜ್ಜಿಗೆ

1999ರ ಬೇಸಿಗೆ. ನಾನಾಗ ಕೊಟ್ಟೂರಿನಲ್ಲಿ ಹಿರಿಯ ಆರೋಗ್ಯ ನಿರೀಕ್ಷಕ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ಬ್ಲೀಚಿಂಗ್ ಪೌಡರ್ ಹೊತ್ತು ತಿರುಗುವುದು, ಕುಡಿಯುವ ನೀರಿಗೆ ಕ್ಲೋರಿನ್ ಮಾತ್ರೆ ಹಾಕಿ ಎಂದು ಮನೆಮನೆಗೆ ಹೇಳುವುದು, ಹೇಳಿದ್ದಕ್ಕೆ ಬೈಸಿಕೊಳ್ಳುವುದು. ಇವುಗಳ ನಡುವೆ ನನಗಿದ್ದ ಒಂದೇ ಸುಖವೆಂದರೆ ಬಸ್ ನಿಲ್ದಾಣದ ಹಿಂದಿದ್ದ ಗೌರವ್ವನ ಖಾನಾವಳಿ. ವಿಧವೆ ಗೌರವ್ವ ಒಬ್ಬಳೇ ಆರು ವರ್ಷದಿಂದ ನಡೆಸುತ್ತಿದ್ದಳು. ನಾನು ಹೋಗಿ ಗೋಡೆಯ ಪಕ್ಕದ ಮಣೆಯ ಮೇಲೆ ಕೂತರೆ ಸಾಕು, ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕೇಳದೆಯೇ ಬರುತ್ತಿದ್ದವು. ಕೊನೆಗೆ ಬಟ್ಟಲು ತುಂಬ ಮಜ್ಜಿಗೆ. ಮಜ್ಜಿಗೆ ಕುಡಿಯದೆ ಯಾರನ್ನೂ ಏಳಗೊಡುತ್ತಿರಲಿಲ್ಲ ಅವಳು.

ಅಂದು ಮಾತ್ರ ನಾನು ಕುಡಿಯದೆ ಎದ್ದೆ. ಗುಡೇಕೋಟೆ ಕಡೆಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಪಕ್ಕದಲ್ಲಿ ಉಣ್ಣುತ್ತಿದ್ದ ಕಂಡಕ್ಟರ್ ಬಸಣ್ಣನಿಗೆ ಅಂಥ ಅವಸರವಿರಲಿಲ್ಲ, ಅವನ ಬಸ್ಸು ಅರ್ಧ ಗಂಟೆಯ ನಂತರ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಬಂದರೆ ವಾಂತಿಭೇದಿಯ ಎಂಟು ರೋಗಿಗಳು. ಅವರಲ್ಲಿ ಬಸಣ್ಣನೂ ಒಬ್ಬ, ಕಣ್ಣುಗಳು ಒಳಗೆ ಹೋಗಿದ್ದವು, ಕೈಗೆ ಡ್ರಿಪ್ ಚುಚ್ಚಿದ್ದರು. ಎಂಟೂ ಜನ ಉಂಡದ್ದು ಗೌರವ್ವನಲ್ಲಿ. ವೈದ್ಯಾಧಿಕಾರಿಗಳು ನನ್ನತ್ತ ತಿರುಗಿ, "ಮೂಲ ಯಾವುದು ಅಂತ ಇವತ್ತೇ ತಿಳೀಬೇಕು" ಎಂದರು. ನನಗೆ ಮಾತ್ರ ಏನೂ ಆಗಿರಲಿಲ್ಲ. ನಾನೂ ಅಲ್ಲೇ ಉಂಡಿದ್ದೆನಲ್ಲ!

ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಓಡಾಡಿ ಪಟ್ಟಿ ಮಾಡಿದೆ. ಇದು ನಮ್ಮ ವೃತ್ತಿಯ ಹಳೆಯ ಪಾಠ: ರೋಗಿಗಳೆಲ್ಲ ತಿಂದು, ಆರೋಗ್ಯವಾಗಿರುವವನು ತಿನ್ನದೆ ಬಿಟ್ಟದ್ದು ಯಾವುದು ಎಂದು ಹುಡುಕಬೇಕು. ಕೆಲವರು ರೊಟ್ಟಿ ಉಂಡಿದ್ದರು, ಕೆಲವರು ಬರೀ ಅನ್ನ ಸಾರು. ಬಸಣ್ಣ ಉಂಡದ್ದು ನಾನು ಉಂಡದ್ದನ್ನೇ.

"ಮತ್ತೇನು ತಗೊಂಡ್ಯೋ, ನೆನಪು ಮಾಡ್ಕ್ಯ."

"ಏನಿಲ್ರಿ ಸಾಹೇಬ್ರ. ನೀವು ಬಿಟ್ಟು ಹೋದ ಮಜ್ಜಿಗಿನೂ ನಾನಾ ಕುಡದೆ."

ಗಡಿಯಾರ ನೋಡಿದೆ. ಹನ್ನೆರಡೂವರೆ. ಖಾನಾವಳಿಯಲ್ಲಿ ಮೊದಲ ಪಂಕ್ತಿ ಕೂತಿರುವ ಹೊತ್ತು. ಸೈಕಲ್ ಹತ್ತಿ ಹೊರಟೆ, ಚೈನು ಅರ್ಧ ದಾರಿಯಲ್ಲಿ ಕಳಚಿತು. ಅದನ್ನು ಕೂರಿಸುವಷ್ಟು ತಾಳ್ಮೆ ಇರಲಿಲ್ಲ, ಸೈಕಲ್ಲನ್ನು ಚಹದಂಗಡಿಯ ಮುಂದೆ ಒಗೆದು ಓಡಿದೆ. ಗೌರವ್ವ ಆಗಷ್ಟೇ ಮಜ್ಜಿಗೆಯ ಕೊಡ ಎತ್ತಿಕೊಂಡು ಬರುತ್ತಿದ್ದಳು.

"ಯಾರೂ ಮಜ್ಜಿಗಿ ಕುಡೀಬ್ಯಾಡ್ರಿ!" ಎಂದು ಬಾಗಿಲಲ್ಲೇ ಕೂಗಿದೆ. ಉಣ್ಣುತ್ತಿದ್ದವರು ಕೈ ಎತ್ತಿಕೊಂಡು ನನ್ನನ್ನೇ ನೋಡಿದರು. ಗೌರವ್ವನ ಮುಖ ಸಣ್ಣದಾಯಿತು.

ಕುಡಿಯುವ ನೀರಿನ ಹಂಡೆಯಿಂದ ನನ್ನ ಚೀಲದಲ್ಲಿದ್ದ ಗಾಜಿನ ಕೊಳವೆಗೆ ನೀರು ತುಂಬಿ ಎರಡು ಹನಿ ಪರೀಕ್ಷಾ ದ್ರಾವಣ ಬಿಟ್ಟೆ. ಕ್ಲೋರಿನ್ ಇದ್ದರೆ ನೀರು ಹಳದಿಯಾಗುತ್ತದೆ. ಚೆನ್ನಾಗಿಯೇ ಹಳದಿಯಾಯಿತು. ನೀರಿನಲ್ಲಿ ದೋಷವಿಲ್ಲ, ನನಗೆ ತಲೆ ಕೆಟ್ಟಿತು.

"ಗೌರವ್ವಾ, ಮಜ್ಜಿಗಿಗೆ ಇದಾ ನೀರೇನು?"

"ಇಲ್ರಿ, ಅದಕ್ಕ ಹಿತ್ತಲ ಬಾವಿದು."

ಹಿತ್ತಲಿಗೆ ಹೋದೆ. ಮೊನ್ನೆ ರಾತ್ರಿ ಬಿದ್ದ ಅಕಾಲದ ಮಳೆಗೆ ಪಕ್ಕದ ಚರಂಡಿ ಕಟ್ಟೆ ಒಡೆದು ಬಾವಿಯ ಕಡೆಗೇ ಹರಿದ ಗುರುತಿತ್ತು. ಬಾವಿ ನೀರಿಗೆ ಹನಿ ಬಿಟ್ಟರೆ ಬಣ್ಣವೇ ಬರಲಿಲ್ಲ. ಸಿಟ್ಟು ನೆತ್ತಿಗೇರಿತು. "ಎಷ್ಟು ಸಲ ಹೇಳೀನಿ, ಮಾತ್ರಿ ಹಾಕಿದ ನೀರಾ ಬಳಸ್ರಿ ಅಂತ! ನಿಮಗ್ಯಾರು ಇದನ್ನ ಹಾಕಾಕ ಹೇಳಿದ್ದು?"

ಗೌರವ್ವ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದಳು: "ನೀವಾ ಅಲ್ಲೇನ್ರಿ? ಯುಗಾದಿ ಮುಂದ, ಮಜ್ಜಿಗಿ ದವಾಖಾನಿ ವಾಸನಿ ಹೊಡಿತೈತಿ ಅಂದು ಬಟ್ಟಲಾ ಸರಿಸಿದ್ರಿ. ಅವತ್ತಿಂದ ಬಾವಿ ಸಿಹಿನೀರು ಹಾಕಾಕತ್ತೀನಿ. ಛಂದ ಆಗೈತಿ ಅಂತ ನೀವಾ ಎರಡ್ನೇ ಬಟ್ಟಲ ಇಸಗೊಂಡ್ರಿ."

ಸಿಟ್ಟು ಅಲ್ಲೇ ಇಳಿಯಿತು. ಅಂದದ್ದು ನಿಜ. ನನಗೆ ಮರೆತೇ ಹೋಗಿತ್ತು.

ಅಷ್ಟರಲ್ಲಿ ವೈದ್ಯಾಧಿಕಾರಿಗಳ ಜೀಪು ಬಂತು. ಬಾವಿ ನೋಡಿ ಅವರು ಕೇಳಿದ್ದೂ ಅದೇ ಪ್ರಶ್ನೆ: ಈ ನೀರು ಹಾಕೋಕೆ ಹೇಳಿದವರು ಯಾರು? ಗೌರವ್ವ ನನ್ನನ್ನು ಒಮ್ಮೆ ನೋಡಿದಳು. "ಯಾರೂ ಇಲ್ರಿ. ನನ್ದಾ ತಪ್ಪು" ಎಂದಳು.

ನಾನು ಬಾವಿಯೊಳಗೆ ಇಣುಕುವವನಂತೆ ಬಗ್ಗಿ ನಿಂತೆ.  ಅವರು ಜೀಪಿನ ಬಾನೆಟ್ ಮೇಲೆ ಕಾಗದವಿಟ್ಟು, ಖಾನಾವಳಿಯನ್ನು ಕಾಯಂ ಮುಚ್ಚಿಸಲು ಶಿಫಾರಸು ಬರೆಯತೊಡಗಿದರು. ಗೌರವ್ವ ಉರಿಯುತ್ತಿದ್ದ ಒಲೆಯಿಂದ ಕಟ್ಟಿಗೆ ಹೊರಗೆಳೆದು ನೀರು ಚಿಮುಕಿಸುತ್ತಿದ್ದಳು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಸರ್, ಹೇಳಿದವನು ನಾನು" ಎಂದೆ. ನಡೆದದ್ದನ್ನೆಲ್ಲ ಒದರಿದೆ.

 ಅವರು ಆ ಕಾಗದ ಹರಿದು ಎರಡು ಬೇರೆ ಕಾಗದ ಬರೆದರು. ಬಾವಿ ಮುಚ್ಚಿ, ಪಾತ್ರೆ ತೊಳೆದು, ನೀರಿನ ಪರೀಕ್ಷೆ ಆಗುವವರೆಗೆ ಖಾನಾವಳಿ ಬಂದ್ ಎಂಬುದು ಒಂದು. ನನಗೆ ಮೆಮೊ ಇನ್ನೊಂದು. ಎಂಟೂ ಜನ ವಾರದೊಳಗೆ ಮನೆಗೆ ಹೋದರು.

ಖಾನಾವಳಿ ತೆರೆದ ದಿನ ನಾಚಿಕೆ ಬಿಟ್ಟು ಹೋಗಿ ಕೂತೆ. ರೊಟ್ಟಿ ಬಂತು, ಪಲ್ಯ ಬಂತು, ಕೊನೆಗೆ ಮಜ್ಜಿಗೆ. ಕ್ಲೋರಿನ್ ವಾಸನೆ ಮೂಗಿಗೆ ಬಡಿಯಿತು. ಗೌರವ್ವ ಕದಲದೆ ಎದುರಿಗೆ ನಿಂತಿದ್ದಳು.

"ಹೆಂಗೈತ್ರಿ ಸಾಹೇಬ್ರ?"

ಉಣ್ಣುತ್ತಿದ್ದವರೆಲ್ಲ ಕಿವಿ ಇತ್ತ ಕೊಟ್ಟಿದ್ದರು. ಅಷ್ಟು ಯೋಚಿಸಿ ನಾನು ಯಾವ ವರದಿಯನ್ನೂ ಬರೆದಿಲ್ಲ. "ವಾಸನಿ ಐತಿ. ಹಿಂಗಾ ಇರ್ಲಿ" ಎಂದು ಬಟ್ಟಲು ಖಾಲಿ ಮಾಡಿದೆ.

ಮುಂದೆ ನಿವೃತ್ತಿಯವರೆಗೆ ಎಷ್ಟೋ ತರಬೇತಿಗಳಿಗೆ ಹೋದೆ. ಕೆಲಸ ನನಗೆ ಕಲಿಸಿದ್ದನ್ನು ಅಲ್ಲಿ ಯಾರೂ ಹೇಳಲಿಲ್ಲ. ಭಾಷಣ ಮಾಡಿ ನಾನು ಹೇಳಿದ್ದನ್ನು ಜನ ಅರ್ಧ ಕೇಳುತ್ತಿದ್ದರು. ಊಟಕ್ಕೆ ಕೂತು ಗೊಣಗಿದ್ದನ್ನು ಮಾತ್ರ ಒಬ್ಬಾಕೆ ಪೂರ್ತಿ ಪಾಲಿಸಿದ್ದಳು.